ಬದ್ಧತೆ ಇಲ್ಲ ಅನ್ನೋರು ಒಮ್ಮೆ ಡ್ಯೂಟಿ ರೂಮ್ ನೋಡ್ಲಿ

ಸಂಪಾದಕರೇ, ನಮಸ್ಕಾರ.

ಸರ್ಕಾರಿ ಆಸ್ಪತ್ರೆ ಬಗ್ಗೆ ಪೇಪರಲ್ಲಿ ಬರೋದು ಹೆಚ್ಚುಕಮ್ಮಿ ಒಂದೇ ಹೆಡ್ಡಿಂಗು, ದಿಢೀರ್ ಭೇಟಿ, ಬದ್ಧತೆ ಇಲ್ಲ ಅಂತ ಸಿಬ್ಬಂದಿಗೆ ತರಾಟೆ. ನೈಟ್ ಡ್ಯೂಟಿ ಮುಗಿಸಿ ಮುಂದಿನ ಶಿಫ್ಟಿನವರಿಗೆ ಇನ್ನೂ ಹ್ಯಾಂಡೋವರ್ ಕೊಡ್ತಾ ಇರೋ ಸಿಸ್ಟರ್‌ನ ಕ್ಯಾಮೆರಾ ಮುಂದೆ, ಪೇಷೆಂಟ್‌ಗಳ ಎದುರಿಗೇ ನಿಲ್ಲಿಸ್ಕೊಂಡು ಬೈದ್ರೆ ಮಾರನೇ ದಿನದಿಂದ ಆ ವಾರ್ಡು ಸರಿ ಹೋಗುತ್ತಾ? ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ರಿಟೈರ್ ಆದವಳು. ನಮ್ಮಲ್ಲಿ ಸೋಮಾರಿಗಳಿಲ್ಲ, ದುಡ್ಡು ಕೇಳೋರಿಲ್ಲ ಅಂತ ಹೇಳಲ್ಲ, ಇದ್ದಾರೆ, ಅಂಥವರ ಮೇಲೆ ಕ್ರಮ ಆಗ್ಲೇಬೇಕು. ಆದ್ರೆ ಮನಸಿಟ್ಟು ಕೆಲಸ ಮಾಡ್ತಿದ್ದೋರಿಗೂ ಬೇಜಾರು ಹತ್ತೋದು ಯಾಕೆ ಅಂತ ಯಾರೂ ಕೇಳ್ತಿಲ್ಲ.

ಒಂದೇ ಲೇಬರ್ ವಾರ್ಡು, ಒಂದೇ ಶಿಫ್ಟು, ಇಬ್ಬರು ಸಿಸ್ಟರ್, ಒಬ್ಬರು ಪರ್ಮನೆಂಟ್, ಇನ್ನೊಬ್ಬರು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ. ಹೆರಿಗೆ ಮಾಡ್ಸೋದು, ಕೇಸ್ ಶೀಟ್ ಬರೆಯೋದು, ಬ್ಲೀಡಿಂಗ್ ಜಾಸ್ತಿ ಆದ್ರೆ ಡಾಕ್ಟ್ರಿಗೆ ಫೋನ್ ಮಾಡಿ 108 ಕರೆಸೋದು ಎಲ್ಲಾ ಇಬ್ರಿಗೂ ಸಮ, ನಾನಿದ್ದ ಕಡೆ ಗುತ್ತಿಗೆಯವಳ ಸಂಬಳ ಮಾತ್ರ ಅರ್ಧಕ್ಕಿಂತ ಕಮ್ಮಿ, ಅದೂ ಟೈಮಿಗೆ ಬರ್ತಿರಲಿಲ್ಲ, ಮಾರ್ಚ್ ಬಂತು ಅಂದ್ರೆ ಒಪ್ಪಂದ ಮುಂದುವರಿಸ್ತಾರೋ ಇಲ್ವೋ ಅನ್ನೋ ಭಯ ಬೇರೆ. ಕ್ಲೀನಿಂಗ್ ಮಾಡೋ ಹೊರಗುತ್ತಿಗೆ ಹೆಂಗಸರ ಪಾಡು ಇನ್ನೂ ಕಷ್ಟ, ಟೆಂಡರ್ ಬದಲಾದಾಗೆಲ್ಲ ಏಜೆನ್ಸಿ ಬದಲು, ಹಳೇ ಏಜೆನ್ಸಿ ಪಿಎಫ್ ಕಟ್ಟಿದೆಯಾ ಅಂತ ಯಾರನ್ನ ಕೇಳ್ಬೇಕೋ ಅವರಿಗೇ ಗೊತ್ತಿಲ್ಲ. 2023ರ ಫೆಬ್ರವರಿಯಲ್ಲಿ ಎನ್‌ಎಚ್‌ಎಂ ನೌಕರರು ಕಾಯಂ ಮಾಡಿ ಅಂತ ಮುಷ್ಕರ ಕೂತಿದ್ದು ನೆನಪಿರಬಹುದು. ಕಾಯಂ ಅಂದ ತಕ್ಷಣ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ತೋರಿಸ್ತಾರೆ, ನಿಯಮದ ಪ್ರಕಾರ ನೇಮಕ ಆಗದ ಹಂಗಾಮಿ ನೌಕರರು ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋ ಹಾಗಿಲ್ಲ ಅನ್ನೋ ತೀರ್ಪು, ಅದು ನಮ್ಮ ಕರ್ನಾಟಕದ್ದೇ ಕೇಸು. ಆದ್ರೆ ವರ್ಷಾನುಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿದವರ ವಿರುದ್ಧ ಆ ತೀರ್ಪನ್ನ ಆಯುಧ ಮಾಡ್ಕೋಬಾರದು ಅಂತ ಅದೇ ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ಜಗ್ಗೋ ಕೇಸಲ್ಲಿ ಹೇಳಿದೆ, ಇದನ್ನ ಮಾತ್ರ ಯಾರೂ ಎತ್ತಲ್ಲ.

ದುಡ್ಡೊಂದೇ ಅಲ್ಲ ಸಾರ್. ನಮ್ಮಲ್ಲಿಗೆ ಒಬ್ಬ ಲೇಡಿ ಡಾಕ್ಟ್ರು ಆಡಳಿತ ವೈದ್ಯಾಧಿಕಾರಿಯಾಗಿ ಬಂದಿದ್ರು. ಬೆಳಿಗ್ಗೆ ಹ್ಯಾಂಡೋವರ್ ಟೈಮಿಗೆ ವಾರ್ಡಿಗೇ ಬಂದು ರಾತ್ರಿ ಏನಾಯ್ತು ಅಂತ ಕೇಳೋರು. ನಮ್ಮ ಡ್ಯೂಟಿ ರೂಮಿನ ಬಾಗಿಲಿಗೆ ಚಿಲಕ ಇರಲಿಲ್ಲ, ಟಾಯ್ಲೆಟ್ಟಲ್ಲಿ ನೀರು ಬರ್ತಿರಲಿಲ್ಲ, ಬರ್ದು ಕೊಟ್ಟು ಕೊಟ್ಟು ಸಾಕಾಗಿ ಸುಮ್ಮನಾಗಿದ್ವಿ, ಅವರು ಆಸ್ಪತ್ರೆಯದ್ದೇ ಆರೋಗ್ಯ ರಕ್ಷಾ ಸಮಿತಿ ದುಡ್ಡಲ್ಲಿ ಬಂದ ಹೊಸದರಲ್ಲೇ ಮಾಡ್ಸಿದ್ರು. ರೋಸ್ಟರ್ ಮುಂಚೇನೇ ಗೋಡೆಗೆ ಅಂಟಿಸೋರು, ಗುತ್ತಿಗೆಯವರಿಗೇ ನೈಟ್ ಮೇಲೆ ನೈಟ್ ಹಾಕೋದು ನಿಂತೋಯ್ತು. ಒಂದ್ಸಲ ಪೇಷೆಂಟ್ ಕಡೆಯವರು ಕುಡಿದು ಬಂದು ಗಲಾಟೆ ಮಾಡ್ದಾಗ ರಾಜಿ ಮಾಡ್ಕೊಳ್ಳಿ ಅಂತ ಪುಢಾರಿಗಳು ಬಂದ್ರೂ ಕೇಳ್ದೆ ತಾವೇ ಸ್ಟೇಷನ್‌ಗೆ ಹೋಗಿ ದೂರು ಕೊಟ್ರು. ಅದೇ ಜನ, ಅದೇ ಸಂಬಳ, ಆದ್ರೂ ರಿಲೀವರ್ ಬರ್ದಿದ್ರೆ ಹೇಳಿಸ್ಕೊಳ್ದೇನೇ ನಾವು ಉಳ್ಕೊಳ್ತಿದ್ವಿ. ಅವರಿಗೆ ಟ್ರಾನ್ಸ್‌ಫರ್ ಆಯ್ತು, ಆಮೇಲೆ ಬಂದವರದ್ದು ಬರೀ ಮೆಮೋ, ಮಾತಿಲ್ಲ ಕತೆಯಿಲ್ಲ. ಎಂಥ ಕಷ್ಟದ ಹೆರಿಗೇಲೂ ಕೈ ನಡುಗದ ನಮ್ಮ ಗುತ್ತಿಗೆ ಹುಡುಗಿ ಅದೇ ವರ್ಷ ಬಿಟ್ಟು ಬೆಂಗಳೂರಿನ ಪ್ರೈವೇಟ್ ಆಸ್ಪತ್ರೆ ಸೇರ್ಕೊಂಡ್ಲು.

ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದ್ರೆ ಜೈಲು ಅಂತ ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ. ಮೇಲಿನವರು ಜೊತೆಗೆ ನಿಲ್ದಿದ್ರೆ ಒಬ್ಬ ಸಿಸ್ಟರ್ ಒಬ್ಬಳೇ ಹೋಗಿ ದೂರು ಕೊಡ್ತಾಳಾ? ಡ್ಯೂಟಿ ರೂಮಿನ ಚಿಲಕ ಸಣ್ಣ ವಿಷಯ ಅನ್ಸಿದ್ರೆ ಇದನ್ನ ನೆನಪು ಮಾಡ್ಕೊಳ್ಳಿ, 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಆರ್‌ಜಿ ಕರ್ ಆಸ್ಪತ್ರೇಲಿ ಕೊಲೆಯಾದ ಡಾಕ್ಟರ್ ಹುಡುಗಿ ರೆಸ್ಟ್ ತಗೊಳ್ಳೋಕೆ ಹೋಗಿದ್ದು ಸೆಮಿನಾರ್ ಹಾಲ್‌ಗೆ. ಜನರಲ್ ವಾರ್ಡಲ್ಲಿ 6 ಹಾಸಿಗೆಗೆ ಒಬ್ಬ ನರ್ಸ್ ಇರ್ಬೇಕು ಅಂತ ಕೇಂದ್ರದ ಲೆಕ್ಕ, ರಾತ್ರಿ ಹೊತ್ತು ಇಡೀ ವಾರ್ಡನ್ನ ಒಬ್ಬಳೇ ನೋಡ್ಕೊಂಡವಳು ನಾನು.

ಜಿಲ್ಲೆಯ ಕೆಲಸಗಳ ಪರಿಶೀಲನೆಗೆ ನಡೆಯೋ ಕೆಡಿಪಿ ಸಭೇಲಿ ಉಸ್ತುವಾರಿ ಸಚಿವರು ಹೆರಿಗೆ ಎಷ್ಟಾಯ್ತು, ಔಷಧಿ ಸ್ಟಾಕ್ ಎಷ್ಟಿದೆ ಅಂತ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ) ಅವರನ್ನ ಕೇಳ್ತಾರೆ. ಅದರ ಜೊತೆಗೆ ಗುತ್ತಿಗೆ, ಹೊರಗುತ್ತಿಗೆಯವರಿಗೆ ಯಾವ ತಿಂಗಳವರೆಗೆ ಸಂಬಳ ಆಗಿದೆ, ಎಷ್ಟು ಪೋಸ್ಟ್ ಖಾಲಿ, ಈ ವರ್ಷ ಯಾರ್ಯಾರು ಕೆಲಸ ಬಿಟ್ರು, ಯಾಕೆ ಬಿಟ್ರು ಅನ್ನೋದನ್ನೂ ಕೇಳ್ಲಿ, ಉತ್ತರ ಸಭೆ ನಡಾವಳೀಲಿ ಬರೆಸ್ಲಿ.

– ಒಬ್ಬ ನಿವೃತ್ತ ನರ್ಸ್, ಚಿತ್ರದುರ್ಗ ಜಿಲ್ಲೆ