ಶಾರ್ಟ್ ಸ್ಕೇಲ್ ಬೇಸ್: ತಂತಿ ಕೊಳ್ಳುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಚಿಕ್ಕ ಬೇಸ್ ಗಿಟಾರ್, ಅಂದರೆ ಶಾರ್ಟ್ ಸ್ಕೇಲ್ ಬೇಸ್ ಬಗ್ಗೆ ಮೂರು ಜನ ಬೇರೆ ಬೇರೆಯಾಗಿ ಕೇಳಿದ್ದೀರಿ, ಒಟ್ಟಿಗೇ ಬರೆಯುತ್ತಿದ್ದೇನೆ.

ಸಾಮಾನ್ಯ ಬೇಸ್‌ನಲ್ಲಿ ನಟ್‌ನಿಂದ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಇನ್ನೊಂದು ತುದಿಯ ಕುದುರೆ) 34 ಇಂಚು, ಶಾರ್ಟ್ ಸ್ಕೇಲ್‌ನಲ್ಲಿ ಸುಮಾರು 30. ನಾಲ್ಕೇ ಇಂಚು ತಾನೆ ಅನ್ನಬೇಡಿ. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಕೂಡಿಸಿದರೆ ಬಿಗಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಇಳಿಯುತ್ತದೆ. ಫ್ರೆಟ್‌ಗಳೂ (ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿಗಳು) ಹತ್ತಿರವಾಗುವುದರಿಂದ, ಮೊದಲ ಫ್ರೆಟ್ ಮೇಲೆ ತೋರುಬೆರಳಿಟ್ಟರೆ ನಾಲ್ಕನೆಯದರ ಮೇಲೆ ಕಿರುಬೆರಳು ಎಳೆದಾಡದೆ ಹೋಗಿ ಕೂರುತ್ತದೆ. ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ, ನುಣುಪಾದ) ತಂತಿ ಹಾಕಿ, ಬ್ರಿಡ್ಜ್ ಪಕ್ಕ ಸ್ಪಂಜಿನ ತುಂಡು ಸಿಕ್ಕಿಸಿ, ಹೆಬ್ಬೆರಳಲ್ಲಿ ಮೀಟಿ ನೋಡಿ. ದುಂಡಗೆ, ತುಂಬಿಕೊಂಡು ಬರುವ ಆ ನಾದಕ್ಕೇ ನಾನು ಸೋತಿದ್ದು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಕಂಪನಿಯ ಬೇಸ್ ಇದೇ ಜಾತಿಯದು. 1972ರಲ್ಲಿ ಕಳವಾಗಿ, ಐವತ್ತು ವರ್ಷ ದಾಟಿದ ಮೇಲೆ ಅವರ ಕೈ ಸೇರಿತು. ಆ ಸುದ್ದಿ ಓದಿದ ದಿನ ನನ್ನ ಕಣ್ಣು ತುಂಬಿ ಬಂದಿತ್ತು. 1966ರಲ್ಲಿ ಬಂದ ಫೆಂಡರ್ ಕಂಪನಿಯ ಮಸ್ಟಾಂಗ್ ಬೇಸ್ ಕೂಡ 30 ಇಂಚಿನದೇ.

ಈಗ ಮುಖ್ಯ ಮಾತು. 34 ಇಂಚಿನ ಬೇಸ್‌ನ ತಂತಿ ತಂದು ಕತ್ತರಿಸಿ ಹಾಕಬೇಡಿ. ನಾನು ಹಾಗೆ ಮಾಡಿ, ಎಲ್ಲಕ್ಕಿಂತ ದಪ್ಪನೆಯ ಇ (E) ತಂತಿ ಬಿರಡೆಯ ಹತ್ತಿರ ಬಾಗಿ, ಮೇಲಿನ ಸುತ್ತು ಸಡಿಲವಾಗಿ ಸದ್ದೇ ಸತ್ತುಹೋಯಿತು. ಶಾರ್ಟ್ ಸ್ಕೇಲ್ ಎಂದೇ ಬರೆದಿರುವ ಸೆಟ್ ಕೇಳಿ ತನ್ನಿ. ಇ ತಂತಿ ತೀರಾ ಜೋಲಾಡಿದರೆ ಸ್ವಲ್ಪ ದಪ್ಪದ್ದು ಹಾಕಿ.

ಭಾನುವಾರ ಸಂಜೆ ನನ್ನದನ್ನು ತರುತ್ತೇನೆ. ಕೈ ಚಿಕ್ಕದೆಂದು ಬೇಸ್ ಬಿಟ್ಟವರು ದಯವಿಟ್ಟು ಬಂದು ಒಮ್ಮೆ ನುಡಿಸಿ ನೋಡಿ.