ಪಾಟ್‌ನ ಧಾಟಿಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಕೊಡವರು ಹಾಡುವ ಜನಪದ ಹಾಡು, ಅಂದರೆ ದುಡಿಕೊಟ್ಟ್ ಪಾಟ್‌ನ ಸಾಹಿತ್ಯವನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ಯಲ್ಲಿ ಅಚ್ಚು ಹಾಕಿಸಿ ಉಳಿಸಿಕೊಟ್ಟರು. ಧಾಟಿಗಳಿಗೂ ಅಷ್ಟೇ ಶ್ರದ್ಧೆಯ ಕೆಲಸ ಆಗಬೇಕು. ಅದಕ್ಕೊಂದು ಗಟ್ಟಿ ದಾರಿ ಹಾಕಿಕೊಟ್ಟವರು ಫಿನ್ಲೆಂಡಿನ ಇಲ್ಮಾರಿ ಕ್ರೋನ್ (1867–1960). ಒಪೆರಾ, ಚರ್ಚ್ ಸಂಗೀತ ರಚಿಸಿದ ಅವರು 1918ರಿಂದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಸಾವಿರಾರು ಜನಪದ ಧಾಟಿಗಳನ್ನು ಜೋಡಿಸುವುದು ಹೇಗೆ? ಅಕಾರಾದಿಯಾಗಿ ಇಟ್ಟರೆ ಒಂದೇ ಧಾಟಿ ಹತ್ತು ಕಡೆ ಚದುರುತ್ತದೆ. ಸಾಲು ಯಾವ ಸ್ವರದಲ್ಲಿ ನಿಲ್ಲುತ್ತದೆಂದು ನೋಡಿ ಜೋಡಿಸಿ ಎಂದರು ಕ್ರೋನ್. ನಡುವಿನ ಸ್ವರಗಳು ಹಾಡುಗಾರನಿಂದ ಹಾಡುಗಾರನಿಗೆ ಬದಲಾಗುತ್ತವೆ, ನಿಲುಗಡೆಯ ಸ್ವರ ಅಷ್ಟು ಸುಲಭಕ್ಕೆ ಕದಲದು. ಹಂಗೇರಿಯ ಸಂಯೋಜಕರಾದ ಬಾರ್ಟೋಕ್ ಮತ್ತು ಕೊಡಾಯ್ ಇದನ್ನೇ ತಿದ್ದಿ ಬಳಸಿಕೊಂಡರು. ಬಾರ್ಟೋಕರ ಹಂಗೇರಿ ಜನಪದ ಹಾಡುಗಳ ಸಂಗ್ರಹ ಬಂದದ್ದೂ 1924ರಲ್ಲೇ!

ನಮ್ಮಲ್ಲಿ ಧ್ವನಿಮುದ್ರಣದಲ್ಲೇ ಎಡವಟ್ಟಾಗುತ್ತದೆ. ಮೈಕನ್ನು ದುಡಿಯ ಮಟ್ಟದಲ್ಲಿಟ್ಟರೆ ಸಾಲಿನ ಕೊನೆಯ ಸ್ವರ ಏಟಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಬೇಕಾದದ್ದೇ ಆ ಸ್ವರ. ಮೈಕ್ ಬಾಯಿಯ ಎತ್ತರಕ್ಕಿರಲಿ. ಅದೇ ಪಾಟ್‌ನ ಎಂಟು–ಹತ್ತು ಸಾಲನ್ನು ದುಡಿಯಿಲ್ಲದೆ ಇನ್ನೊಮ್ಮೆ ಹಾಡಿಸಿ. ಸ್ವರ ಬರೆಯುವಾಗ ಆರಂಭದ ಸಾಲುಗಳನ್ನು ನಂಬಬೇಡಿ, ಗಂಟಲು ಕುದುರುವ ತನಕ ಶ್ರುತಿ ಅಲುಗಾಡುತ್ತದೆ. ಐದಾರು ಸಾಲು ಬಿಟ್ಟು ಶುರುಮಾಡಿ. ಧಾಟಿ ಮುಗಿಯುವ ಸ್ವರವನ್ನು ಎಲ್ಲ ಹಾಡಿಗೂ ಷಡ್ಜವೆಂದೇ ಹಿಡಿದು, ಸಾಲಿನ ಕೊನೆಯ ಸ್ವರಕ್ಕೆ ಅಂಕಿ ಕೊಡಿ: ಸ 1, ರಿ 2, ಗ 3. ಮೊದಲ ಸಾಲು ಗಾಂಧಾರದಲ್ಲಿ, ಎರಡನೆಯದು ಷಡ್ಜದಲ್ಲಿ ನಿಂತರೆ ಆ ಧಾಟಿ 3–1. ಒಂದೇ ಅಂಕಿಯವೆಲ್ಲ ಒಂದೇ ಕಟ್ಟಿಗೆ ಸೇರಲಿ. ಹಾರ್ಮೋನಿಯಂ ಮಾತ್ರ ಬೇಡ. ಹಾಡುಗಾರನ ಗಾಂಧಾರ ಎರಡು ಮನೆಗಳ ನಡುವೆ ನಿಂತಿದ್ದರೆ ಅದನ್ನು ಯಾವುದಾದರೊಂದು ಮನೆಗೆ ಎಳೆದುಬಿಡುತ್ತೇವೆ.

ಒಂದು ಎಚ್ಚರ. ನಾಲ್ಕು ಸಾಲಿನ ಪದ್ಯಕ್ಕೆ ಕ್ರೋನ್ ಪದ್ಧತಿ ಚೆನ್ನಾಗಿ ಒಗ್ಗುತ್ತದೆ. ಇಬ್ಬರು ಹೇಳಿ ಇಬ್ಬರು ಮರುಹಾಡುವ ನಮ್ಮ ಪಾಟ್‌ಗೆ, ಫಿನ್ಲೆಂಡಿನವರೇ ಆದ ಸಂಯೋಜಕ ಆರ್ಮಾಸ್ ಲೌನಿಸ್ ಸಂಗ್ರಹಿಸಿದ ರೂನೊ ಎಂಬ ಹಳೆಯ ಜನಪದ ಹಾಡುಗಳು ಹೆಚ್ಚು ಹತ್ತಿರ. ಅವುಗಳ ಧಾಟಿ ಬಹುಮಟ್ಟಿಗೆ ಒಂದೆರಡು ಸಾಲಿನದು, ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವುದೂ ಉಂಟು. ಹಾಗಾಗಿ ಹೇಳುವವರ ಸಾಲನ್ನೂ ಮರುಹಾಡುವವರ ಸಾಲನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಎರಡೂ ಒಂದೇ ಎಂದು ಬಿಟ್ಟರೆ ಅರ್ಧ ಧಾಟಿ ಕಳೆದಂತೆಯೇ.

ಕೊಡವ ಸಾಹಿತ್ಯ ಅಕಾಡೆಮಿ ಬರುವ ಪುತ್ತರಿ ಸುಗ್ಗಿಹಬ್ಬಕ್ಕೇ ನಾಲ್ಕಾರು ಮಂದ್‌ಗಳಲ್ಲಿ (ಊರವರು ಸೇರಿ ಕುಣಿಯುವ ಬಯಲುಗಳಲ್ಲಿ) ಈ ಕೆಲಸ ಆರಂಭಿಸಲಿ. ಪ್ರತಿ ಮುದ್ರಣದ ಜೊತೆ ನಾಡು, ಊರು, ಹಾಡಿದವರ ಒಕ್ಕ (ಮನೆತನ), ದಿನಾಂಕ ಇರುವ ಚೀಟಿಯನ್ನು ಅಲ್ಲೇ ಬರೆದಿಡಬೇಕು.

– ಜನಪದ ಸಂಗೀತಾಸಕ್ತರು, ಮಡಿಕೇರಿ