ಗಾಜಿನ ಮೇಲೆ ಬರ್ದಿದ್ದ ನಂಬರ್

ಎಲ್ಲರಿಗೂ ನಮಸ್ಕಾರ. ಈ ಸಲ ಯುಗಾದಿ ಕಾರ್ಯಕ್ರಮದ ಬಗ್ಗೆ ಬರೀಬೇಕಿತ್ತು, ಅದರ ವರದಿ ಒಳಗಡೆ ಪುಟದಲ್ಲಿ ಫೋಟೋ ಸಮೇತ ಇದೆ, ದಯವಿಟ್ಟು ಅಲ್ಲೇ ಓದ್ಕೊಳ್ಳಿ. ನನ್ನ ತಲೇಲಿ ಹೋದ ಶನಿವಾರದಿಂದ ಬೇರೇನೋ ಓಡ್ತಾ ಇದೆ, ಓಡ್ತಾ ಇದೆ ಅನ್ನೋದಕ್ಕಿಂತ ಸಿಡೀತಾ ಇದೆ ಅನ್ಬೇಕು.

ನಮ್ಮ ಕೂಟದ ಖಜಾಂಚಿಗಳು ನಿಮಗೆಲ್ಲ ಗೊತ್ತು. ನಾಲ್ಕು ಡಾಲರ್ ರಸೀದಿ ಸಿಗ್ಲಿಲ್ಲ ಅಂದ್ರೆ ನಾಲ್ಕು ಸಲ ಫೋನ್ ಮಾಡೋರು. ಅಂಥವರಿಗೆ ಹಾಟ್ ರಾಡ್ ಹುಚ್ಚಿದೆ, ಅಂದ್ರೆ ಹಳೇ ಕಾರನ್ನ ಜೋರಾಗಿ ಓಡೋ ಹಾಗೆ ಮಾರ್ಪಡಿಸೋ ಹುಚ್ಚಿದೆ ಅಂತ ಇಷ್ಟು ವರ್ಷ ಯಾರಿಗೂ ಗೊತ್ತಿರ್ಲಿಲ್ಲ. ಅವರ ಪಕ್ಕದ ಮನೇಲಿ ಅಮೆರಿಕನ್ ಅಜ್ಜ ಒಬ್ರಿದ್ದಾರೆ, ಎಪ್ಪತ್ತು ದಾಟಿದೆ, ಅವರ ಗ್ಯಾರೇಜಲ್ಲಿ 1932ರ ಫೋರ್ಡ್ ಒಂದಿದೆ, ಇವರು ಸಂಜೆ ಹೊತ್ತು ಅಲ್ಲಿಗೆ ಹೋಗಿ ಸ್ಪ್ಯಾನರ್ ಹಿಡ್ಕೊಂಡು ನಿಲ್ತಾರಂತೆ. "ಶನಿವಾರ ಫಮೋಸೊದಲ್ಲಿ ಡ್ರ್ಯಾಗ್ ರೇಸ್ ಇದೆ, ಬನ್ನಿ ಸಾರ್, ಒಂದು ಸಂಪಾದಕೀಯ ಆದ್ರೂ ಹುಟ್ಟುತ್ತೆ" ಅಂದ್ರು. ಬೆಳಗ್ಗೆ ಐದಕ್ಕೆ ಚಿತ್ರಾನ್ನದ ಡಬ್ಬಿ ಜೊತೆ ಹೊರಟ್ವಿ.

ಲಾಸ್ ಏಂಜಲೀಸ್ ಕಡೆಯಿಂದ ಗ್ರೇಪ್‌ವೈನ್ ಘಟ್ಟ ಹತ್ತಿ ಇಳಿದು, ಬೇಕರ್ಸ್‌ಫೀಲ್ಡ್ ದಾಟಿ ಹೈವೇ 99ರಲ್ಲಿ ಇನ್ನೂ ಉತ್ತರಕ್ಕೆ ಹೋದ್ರೆ ಸುತ್ತ ತೋಟ, ಮಧ್ಯದಲ್ಲಿ ಒಂದು ಉದ್ದ ಡಾಂಬರು ಪಟ್ಟಿ, ಅದೇ ಫಮೋಸೊ. ಎರಡನೇ ಮಹಾಯುದ್ಧದ ಕಾಲದ ಸಣ್ಣ ಏರ್‌ಫೀಲ್ಡ್ ಅದು. ವಿಮಾನ ಹೋಯ್ತು, ಕಾರ್ ಬಂತು. ನೇರಕ್ಕೆ ಕಾರ್ ಓಡಿಸೋ ಪಟ್ಟಿಗೆ ಡ್ರ್ಯಾಗ್ ಸ್ಟ್ರಿಪ್ ಅಂತಾರೆ, ಕ್ಯಾಲಿಫೋರ್ನಿಯಾದ ಎಷ್ಟೋ ಡ್ರ್ಯಾಗ್ ಸ್ಟ್ರಿಪ್‌ಗಳು ಶುರುವಾಗಿದ್ದು ಹಿಂಗೇ. ಯುದ್ಧಕ್ಕೆ ಮುಂಚೆ ಹುಡುಗರು ಒಣಗಿದ ಕೆರೆ ಬಯಲಲ್ಲಿ, ಮ್ಯುರಾಕ್, ಎಲ್ ಮಿರಾಜ್ ಅಂತ ಜಾಗಗಳಲ್ಲಿ ಕಾರ್ ಓಡಿಸ್ತಿದ್ರು, ಯುದ್ಧ ಮುಗಿಸ್ಕೊಂಡು ಬಂದ್ಮೇಲೆ ಕೈಯಲ್ಲಿ ಮೆಕ್ಯಾನಿಕ್ ವಿದ್ಯೆ ಇತ್ತು, ಹಳೇ ಫೋರ್ಡ್ ಅಗ್ಗಕ್ಕೆ ಸಿಗ್ತಿತ್ತು, ಊರ ರಸ್ತೆಗಳಲ್ಲೇ ಪೈಪೋಟಿ ಶುರುವಾಯ್ತು, ಜನ ಸತ್ರು, ಪೊಲೀಸರು ಬೆನ್ನತ್ತಿದ್ರು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಭಾನುವಾರದ ಓಟಕ್ಕೆ ಅಂತ ಒಂದು ಸ್ಟ್ರಿಪ್ ಬಂತು. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಅನ್ನೋ ಹಾಟ್ ರಾಡ್ ಸಂಘ ಕಟ್ಟಿ ಎಲ್ಲರನ್ನೂ ಒಂದು ನಿಯಮದ ಕೆಳಗೆ ತಂದ್ರು. ಈ ವಾಲಿ ಪಾರ್ಕ್ಸ್ ಆಗ ಯಾರು ಗೊತ್ತಾ? 1948ರಲ್ಲಿ ಶುರುವಾದ 'ಹಾಟ್ ರಾಡ್' ಪತ್ರಿಕೆ ಸಂಪಾದಕರು! ಸಂಪಾದಕರಿಂದ ಏನೂ ಆಗಲ್ಲ ಅಂತ ಕಮಿಟಿ ಮೀಟಿಂಗಲ್ಲಿ ಹೇಳಿದ ಮಹನೀಯರು ಈ ಸಾಲನ್ನ ಎರಡು ಸಲ ಓದ್ಬೇಕು.

ಫಮೋಸೊಗೆ ತನ್ನದೇ ಗತ್ತಿದೆ. 1959ರಲ್ಲಿ ಇಲ್ಲಿನ ಸ್ಮೋಕರ್ಸ್ ಅನ್ನೋ ಕಾರ್ ಕ್ಲಬ್ಬಿನವರು ದೊಡ್ಡ ಮೀಟ್ ಮಾಡಿದಾಗ ಫ್ಲೋರಿಡಾದಿಂದ ಡಾನ್ ಗಾರ್ಲಿಟ್ಸ್ ಅನ್ನೋ ರೇಸರ್ ದೇಶದ ಆ ತುದಿಯಿಂದ ಈ ತುದಿಗೆ ಕಾರ್ ಎಳ್ಕೊಂಡು ಬಂದಿದ್ರು. ಗೆದ್ದಿದ್ದು ಮಾತ್ರ ಕ್ಯಾಲಿಫೋರ್ನಿಯಾದವರೇ, ಆರ್ಟ್ ಕ್ರಿಸ್ಮನ್. ಆ ಮೀಟ್ ಇವತ್ತಿಗೂ ಮಾರ್ಚ್ ಮೀಟ್ ಅಂತ ನಡೀತಿದೆ. ನಾವು ಹೋಗಿದ್ದು ಅದಲ್ಲ, ಅದಕ್ಕಿಂತ ಸಣ್ಣದು, ಹವ್ಯಾಸಿಗಳೇ ಜಾಸ್ತಿ, ನಡುನಡುವೆ ನಾಲ್ಕಾರು ನೈಟ್ರೋ ಕಾರ್, ಅಂದ್ರೆ ಪೆಟ್ರೋಲ್ ಬದಲು ನೈಟ್ರೋಮೀಥೇನ್ ಕುಡಿಯೋ ಕಾರ್.

ಮೊದಲು ಕಾರ್ ರೆಡಿ ಮಾಡೋ ಜಾಗಕ್ಕೆ, ಅಂದ್ರೆ ಪಿಟ್ಸ್‌ಗೆ ಹೋದ್ವಿ. ಇಲ್ಲಿ ಪ್ರೇಕ್ಷಕರೂ ಹಂಗೇ ನಡ್ಕೊಂಡು ಹೋಗಿ ಕಾರ್ ಪಕ್ಕ ನಿಲ್ಬೋದು, ಮಾತಾಡ್ಸಿದ್ರೆ ಬಾನೆಟ್ ಎತ್ತಿ ತೋರಿಸ್ತಾರೆ. ಅಜ್ಜನ ಫೋರ್ಡಿಗೆ ಮುಂದಿನ ಮಡ್‌ಗಾರ್ಡೂ ಇಲ್ಲ, ಬಾನೆಟ್ಟೂ ಇಲ್ಲ. 32ರ ಮಾಡೆಲ್ಲಿಗೆ ಡ್ಯೂಸ್ ಅಂತಾರೆ, ಡ್ಯೂಸ್ ಅಂದ್ರೆ ಎರಡು, 32ರಲ್ಲಿರೋ ಆ ಎರಡು. ಕಡಿಮೆ ಬೆಲೆ ಕಾರಿಗೆ ವಿ8 ಇಂಜಿನ್ ಹಾಕಿ ಫೋರ್ಡ್ ಮಾರಿದ್ದು ಆ ವರ್ಷದಿಂದ, 65 ಹಾರ್ಸ್‌ಪವರ್, ಅದಕ್ಕೇ ಹಾಟ್ ರಾಡ್ ಮಂದಿಗೆ ಅದು ಕುಲದೇವರ ಥರ. ಅಜ್ಜನ ಕಾರಲ್ಲಿ ಆ ಇಂಜಿನ್ ಯಾವಾಗಲೋ ಹೋಗಿ ಷೆವ್ರೊಲೆ ವಿ8 ಬಂದಿದೆ. ಮೈ ಫೋರ್ಡಿಂದು, ಎದೆ ಷೆವ್ರೊಲೆದು. ಅಜ್ಜ ಬಿಳಿ ಶೂ ಪಾಲಿಶ್ ಬಾಟ್ಲಿ ತಗೊಂಡು ಕಿಟಕಿ ಗಾಜಿನ ಮೇಲೆ ದಪ್ಪಕ್ಕೆ 12.40 ಅಂತ ಬರೀತಿದ್ರು, ಕೈ ಸ್ವಲ್ಪ ನಡುಗ್ತಿತ್ತು, ಸೊನ್ನೆ ಮೊಟ್ಟೆ ಥರ ಆಗಿತ್ತು.

ಈ ನಂಬರ್ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ನನಗೆ ಅರ್ಧ ದಿನ ಬೇಕಾಯ್ತು. ಡ್ರ್ಯಾಗ್ ರೇಸ್ ಅಂದ್ರೆ ಕರಾವಳಿ ಕಡೆಯವರಿಗೆ ಒಂದೇ ಮಾತಲ್ಲಿ ಹೇಳ್ಬೋದು, ಜೋಡುಕರೆ ಕಂಬಳ, ಕೆಸರಿಲ್ಲ, ಕೋಣ ಇಲ್ಲ ಅಷ್ಟೇ. ಎರಡು ಲೇನ್, ಎರಡು ಕಾರ್, ಕಾಲು ಮೈಲಿ, ಅಂದ್ರೆ 1,320 ಅಡಿ, ತಿರುವೇ ಇಲ್ಲ. ಶುರುವಲ್ಲಿ ನೀರು ಹಾಕಿರೋ ಜಾಗದಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿಸಿ ಹೊಗೆ ಎಬ್ಬಿಸ್ತಾರೆ, ನಾನದನ್ನ ಶೋಕಿ ಅಂದ್ಕೊಂಡಿದ್ದೆ, ಅಲ್ವಂತೆ, ಟಯರ್ ಬಿಸಿಯಾಗಿ ರಬ್ಬರ್ ಅಂಟಂಟಾದ್ರೆ ನೆಲ ಕಚ್ಚಿ ಹಿಡಿಯುತ್ತೆ. ಆಮೇಲೆ ಇಂಚಿಂಚೇ ಮುಂದಕ್ಕೆ ಬಂದು ಲೈಟಿನ ಕಂಬದ ಮುಂದೆ ನಿಲ್ಬೇಕು. 1963ರಿಂದ ಇರೋ ಈ ಕಂಬಕ್ಕೆ ಕ್ರಿಸ್‌ಮಸ್ ಟ್ರೀ ಅಂತಾರೆ, ಮೂರು ಹಳದಿ ಅರ್ಧರ್ಧ ಸೆಕೆಂಡಿಗೊಂದು ಇಳ್ಕೊಂಡು ಬಂದು ಹಸಿರು. ಹಸಿರಿಗಿಂತ ಮುಂಚೆ ಕದಲಿದ್ರೆ ಕೆಂಪು, ಮನೆಗೆ.

ಇನ್ನು ಗಾಜಿನ ನಂಬರ್. ಬ್ರಾಕೆಟ್ ರೇಸಲ್ಲಿ ನನ್ನ ಕಾರ್ ಇಷ್ಟು ಸೆಕೆಂಡಲ್ಲಿ ಕಾಲು ಮೈಲಿ ಮುಗಿಸುತ್ತೆ ಅಂತ ನೀವೇ ಮೊದಲೇ ಬರೆದು ಹೇಳ್ಬೇಕು, ಡಯಲ್-ಇನ್ ಅಂತಾರೆ. ನಿಧಾನದ ಕಾರಿಗೆ ಆ ವ್ಯತ್ಯಾಸದಷ್ಟು ಮೊದಲು ಹಸಿರು ಸಿಗುತ್ತೆ. ಹಂಗಾಗಿ ಅಜ್ಜನ ಡಬ್ಬಿ ಕಾರೂ ರಾಕೆಟ್ ಥರದ ಕಾರೂ ಸಮಸಮ. ಸರಿ, ಹಂಗಾದ್ರೆ ಬೇಕಂತ್ಲೇ ನಿಧಾನದ ನಂಬರ್ ಬರೆದು ಜೋರಾಗಿ ಓಡಿಸ್ಬೋದಲ್ಲ ಅಂತ ನಮ್ಮ ಬುದ್ಧಿಗೆ ತಕ್ಷಣ ಹೊಳೆಯುತ್ತೆ, ನನಗೂ ಹೊಳೀತು. ಅದಕ್ಕೂ ಮದ್ದಿದೆ. ಹೇಳಿದ್ದಕ್ಕಿಂತ ಬೇಗ ಬಂದ್ರೆ ಬ್ರೇಕ್‌ಔಟ್, ಎದುರಾಳಿ ತಪ್ಪು ಮಾಡ್ದೆ ಬಂದಿದ್ರೆ ನೀವು ಸೋತ ಹಾಗೆ. ಅದಕ್ಕೇ ಕೆಲವರು ಗೆಲ್ಲೋ ಹೊತ್ತಲ್ಲಿ ಗೆರೆ ಹತ್ರ ಬ್ರೇಕ್ ಹಾಕ್ತಾರೆ! ಬ್ರೇಕ್ ಹಾಕಿ ಗೆಲ್ಲೋ ರೇಸ್ ನಾನು ಬೇರೆಲ್ಲೂ ನೋಡಿಲ್ಲ. ನುಡಿದಂತೆ ನಡೆ ಅಂತ ನಾವು ಬ್ಯಾನರ್ ಬರೆಸಿ ತೂಗುಹಾಕ್ತೀವಿ, ಇವರು ಅದನ್ನ ಸೆಕೆಂಡಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೀತಾರೆ.

ಮಧ್ಯಾಹ್ನ ನೈಟ್ರೋ ಕಾರ್ ಬಂದ್ವು. ಖಜಾಂಚಿಗಳು ಕಿವಿಗೆ ಪ್ಲಗ್ ಕೊಟ್ಟು ಅದರ ಮೇಲೆ ಇಯರ್‌ಮಫ್ ಬೇರೆ ಹಾಕಿಸಿದ್ರು, ಅತಿಯಾಯ್ತು ಅನ್ಕೊಂಡೆ. ಸ್ಟಾರ್ಟ್ ಆಗಿದ್ದೇ ತಡ, ಸದ್ದು ಕಿವಿಗಲ್ಲ ಎದೆಗೆ ಬಂತು, ಶರ್ಟ್ ಅಲ್ಲಾಡ್ತು, ಕಣ್ಣಲ್ಲಿ ಈರುಳ್ಳಿ ಹೆಚ್ಚಿದ ಹಾಗೆ ನೀರು, ಕೈಯಲ್ಲಿದ್ದ ಚಿತ್ರಾನ್ನದ ಡಬ್ಬಿ ಮುಚ್ಚಳ ತಾನೇ ತಾಳ ಹಾಕ್ತು. ಒಂದು ಕೆಜಿ ಪೆಟ್ರೋಲ್ ಉರಿಯೋಕೆ 14.7 ಕೆಜಿ ಗಾಳಿ ಬೇಕು, ನೈಟ್ರೋಮೀಥೇನಿಗೆ 1.7 ಕೆಜಿ ಸಾಕು, ಯಾಕಂದ್ರೆ ಆಕ್ಸಿಜನ್ ಅದರೊಳಗೇ ಇದೆ, ಬುತ್ತಿ ಕಟ್ಕೊಂಡೇ ಬಂದಿರುತ್ತೆ. ಒಂದೊಂದು ಕೆಜಿಯ ಶಕ್ತಿ ಪೆಟ್ರೋಲಿಗಿಂತ ಕಮ್ಮಿನೇ, ಆದ್ರೆ ಅಷ್ಟೇ ಗಾಳಿಗೆ ಎಂಟು ಪಟ್ಟಿಗಿಂತ ಜಾಸ್ತಿ ಸುರೀಬೋದು. ಈ ಹಳೇ ಮಾದರಿ, ಮಾಮೂಲಿ ಕಾರಿನ ಹಾಗೆ ಕಾಣೋ ಹಗುರ ಮೈಯ ಫನ್ನಿ ಕಾರ್‌ಗಳು ಕಾಲು ಮೈಲೀನ ಆರು ಸೆಕೆಂಡಿನೊಳಗೆ ಮುಗಿಸಿ ಪ್ಯಾರಾಶೂಟ್ ಬಿಚ್ಚಿದ್ವು. ಈಗಿನ ಅತಿ ವೇಗದ ದರ್ಜೆಯ ಟಾಪ್ ಫ್ಯುಯೆಲ್ ಕಾರ್‌ಗಳಂತೂ ಗಂಟೆಗೆ 330 ಮೈಲಿ ದಾಟಿವೆ, 2008ರಲ್ಲಿ ಸ್ಕಾಟ್ ಕಲಿಟ್ಟ ಅನ್ನೋ ರೇಸರ್ ಫನ್ನಿ ಕಾರ್ ಓಡಿಸ್ತಿರೋವಾಗಲೇ ತೀರ್ಕೊಂಡ್ಮೇಲೆ ಎನ್‌ಎಚ್‌ಆರ್‌ಎದವರು ಈ ಎರಡೂ ಥರದ ಕಾರ್‌ಗಳ ಓಟನ ಸಾವಿರ ಅಡಿಗೆ ಇಳಿಸಿದ್ದಾರೆ. ನಿಜ ಹೇಳ್ಬೇಕಂದ್ರೆ ನನಗೆ ಎರಡು ಸಲ ನೋಡಿದ್ಮೇಲೆ ಸಾಕಾಯ್ತು. ಗಾರ್ಲಿಟ್ಸ್ 1970ರಲ್ಲಿ ಕಾಲ ಕೆಳಗಿನ ಟ್ರಾನ್ಸ್‌ಮಿಷನ್ ಸಿಡಿದು ಬಲಪಾದದ ಮುಂದಿನ ಭಾಗ ಕಳ್ಕೊಂಡು, ಇಂಜಿನ್ನನ್ನೇ ಬೆನ್ನ ಹಿಂದೆ ಇಟ್ಟು ಮುಂದಿನ ವರ್ಷ ಮತ್ತೆ ಟ್ರ್ಯಾಕಿಗಿಳಿದ್ರಂತೆ. ಕೇಳಿ ಗೌರವ ಬಂತು, ಆಸೆ ಬರ್ಲಿಲ್ಲ.

ನನ್ನ ಮನಸ್ಸು ಅಜ್ಜನ ಡ್ಯೂಸ್ ಮೇಲೇ ಇತ್ತು. ಎರಡು ರೌಂಡ್ ಗೆದ್ದಿದ್ರು. ಮೂರನೇದು ಸಂಜೆ, ಎದುರಿಗೆ 10.90 ಬರ್ಕೊಂಡಿರೋ ಕೆಂಪು ಕಾರ್. ಅಜ್ಜನಿಗೆ ಒಂದೂವರೆ ಸೆಕೆಂಡ್ ಮೊದಲೇ ಹಸಿರು ಬಂತು, ಹೊರಟ್ರು, ಆ ಒಂದೂವರೆ ಸೆಕೆಂಡ್ ಕೆಂಪು ಕಾರ್ ಗುರುಗುಟ್ಕೊಂಡು ನಿಂತಿರೋದು ನೋಡೋದೇ ಒಂದು ಹಿಂಸೆ, ಆಮೇಲೆ ಬಿಟ್ಟ ಬಾಣ, ಅರ್ಧ ದಾರೀಲಿ ಸಿಗ್ತು ಅನ್ನಿಸ್ತು, ಇಲ್ಲ, ಗೆರೆ ಮುಟ್ಟೋವಾಗ ಅಜ್ಜನೇ ಒಂದು ಕೂದಲು ಮುಂದೆ. ನಾನು ಎದ್ದು ಸೀಟಿ ಹೊಡೆದೆ. ಕಾಲೇಜ್ ಬಿಟ್ಮೇಲೆ ಮೊದಲ್ನೇ ಸಲ. ನೋಡಿದ್ರೆ ಗೆದ್ದ ಲೈಟ್ ಪಕ್ಕದ ಲೇನಲ್ಲಿ ಉರೀತಿದೆ.

12.38.

ಪಿಟ್ಸಲ್ಲಿ ಅಜ್ಜ ಟೈಮ್ ಸ್ಲಿಪ್ ಹಿಡ್ಕೊಂಡು ಕೂತಿದ್ರು. ಸೂರ್ಯ ಇಳಿದು ಗಾಳಿ ತಣ್ಣಗಾಗಿತ್ತು, ತಣ್ಣನೆ ಗಾಳಿ ದಟ್ಟ, ಇಂಜಿನ್ ಜಾಸ್ತಿ ಉಸಿರೆಳ್ಕೊಂಡಿದೆ. ಮಧ್ಯಾಹ್ನದ ಬಿಸಿಲಿಗೆ ಬರ್ದಿದ್ದ ನಂಬರನ್ನ ಅಜ್ಜ ಬದಲಾಯಿಸಿರ್ಲಿಲ್ಲ. "ನಾನು ಹೇಳಿದ್ದೆ, 12.37 ಮಾಡಿ ಅಂತ" ಅಂತ ಖಜಾಂಚಿಗಳು ನನ್ನ ಕಿವೀಲಿ ಕನ್ನಡದಲ್ಲಿ ಗೊಣಗಿದ್ರು, ಜೇಬಿಂದ ಚೀಟಿ ತೆಗೆದ್ರು, ಬೆಳಗ್ಗಿಂದ ಗಂಟೆಗೊಂದ್ಸಲ ತಾಪಮಾನ ಬರ್ಕೊಂಡಿದ್ದಾರೆ! ಕೂಟದ ದುಡ್ಡು ಸರಿಯಾದ ಕೈಯಲ್ಲಿದೆ. ಅಜ್ಜ ಏನೂ ಮಾತಾಡದೆ ಒದ್ದೆ ಬಟ್ಟೆ ತಗೊಂಡು ಗಾಜಿನ ಮೇಲಿನ ನಂಬರ್ ಒರೆಸಿದ್ರು, ಮೊಟ್ಟೆ ಥರದ ಸೊನ್ನೆ ಕೊನೆಗೆ ಹೋಯ್ತು.

ಅಂದಹಾಗೆ ಮುಂದಿನ ಸಂಚಿಕೆಗೆ ಲೇಖನ ಕಳಿಸೋರು ಎಷ್ಟು ಪುಟ ಅಂತ ಮೊದಲೇ ಬರೆದು ತಿಳಿಸಿ. ಎರಡು ಅಂತ ಹೇಳಿ ಏಳು ಕಳಿಸೋರು ಯಾರು ಅಂತ ನಾನು ಹೆಸರು ಹೇಳಲ್ಲ, ಈ ಸಲ ನಾನೇ ಒಂದು ಪುಟ ಅಂತ ಹೇಳಿ ಇಷ್ಟು ದೂರ ಬಂದಿದ್ದೀನಿ, ಪ್ರಿಂಟಿಂಗ್ ಬಿಲ್ ಹಿಡ್ಕೊಂಡು ಖಜಾಂಚಿಗಳು ಫೋನ್ ಮಾಡ್ತಿದ್ದಾರೆ.